ಒಕ್ಕಣ್ಣಿನ ಜೀವಿಯೂ ಮನುಷ್ಯನ ಧರ್ಮವೂ

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಹಲಸೂರು, ಇಂದಿರಾನಗರಗಳನ್ನು ದಾಟಿ ಮುಂದೆ ಹೋದವರಿಗೆ ಕಗ್ಗದಾಸಪುರವೆಂಬ ಊರು ಸಿಕ್ಕುವುದು. ಊರೆಂಬುದು ಹಳೆಯ ಮಾತು. ಈಗ ಅದು ಮಹಾನಗರದ ಒಂದು ಬಡಾವಣೆ. ಆದರೂ ಹೆಸರಿನೊಡನೆ ಕೆರೆಯೊಂದು ಉಳಿದುಕೊಂಡಿದೆ. ಮಳೆಯ ನೀರನ್ನು ತಡೆದು ನಿಲ್ಲಿಸಿ ಕೆಳಗಿನ ಗದ್ದೆಗಳಿಗೆ ಹಾಯಿಸುವುದಕ್ಕಾಗಿ ಈ ನಾಡಿನ ಹಿಂದಿನವರು ಕಟ್ಟಿಸಿದ ಕೆರೆಗಳ ಸಾಲಿಗೆ ಸೇರಿದುದು ಇದು. ಗದ್ದೆಗಳು ಹೋಗಿ ಮನೆಗಳು ಬಂದುವು; ಮನೆಗಳ ಕೊಳಚೆ ಕೆರೆಗೆ ಬಂದಿತು; ಆ ಕೊಳಚೆಯ ಸಾರವನ್ನುಂಡು ಅಂತರಗಂಗೆಯ ಕಳೆ ಬೆಳೆಯಿತು. ಈಚಿನ ದಶಕಗಳಲ್ಲಿ ಅನೇಕ ಸಲ ಕೆರೆಯ ಮೈಯೆಲ್ಲ ಹಸುರು ಹೊದಿಕೆಯಿಂದ ಮುಚ್ಚಿಹೋಗಿ, ಹಾದುಹೋಗುವವರು ಅದನ್ನು ಮೈದಾನವೆಂದು ಭ್ರಮಿಸುವಂತಾದುದುಂಟು.

ಇಂತಹ ಕೆರೆಗಳ ನೀರು ತಿಳಿಯಾಗಿರುವ ಕಾಲದಲ್ಲಿ ಒಂದು ಗಾಜಿನ ಲೋಟದಲ್ಲಿ ಅದನ್ನು ತುಂಬಿ ಬೆಳಕಿಗೆ ಹಿಡಿದು ನೋಡಿದವರಿಗೆ, ಸಾಸುವೆಯ ಕಾಳಿಗಿಂತಲೂ ಚಿಕ್ಕದಾದ ಬಿಳಿಯ ಚುಕ್ಕೆಗಳು ಕಾಣುವುವು. ಅವು ಧೂಳಿನಂತೆ ತೇಲುವುದಿಲ್ಲ. ಕ್ಷಣಕಾಲ ಸುಮ್ಮನಿದ್ದು, ಥಟ್ಟನೆ ಚಿಮ್ಮಿ, ಮತ್ತೆ ಸುಮ್ಮನಾಗುವುವು. ಚಿಮ್ಮುವ ಆ ಚುಕ್ಕೆಗೂ ಪ್ರಾಣವುಂಟು. ಆ ಪ್ರಾಣಕ್ಕೆ ಮನುಷ್ಯನು ಏನನ್ನಾದರೂ ಸಲ್ಲಿಸಬೇಕಾದುದುಂಟೆ, ಇಲ್ಲವೆ? ಈ ಪ್ರಶ್ನೆ ಮೊದಲ ನೋಟಕ್ಕೆ ಹಾಸ್ಯಾಸ್ಪದವಾಗಿ ತೋರಬಹುದು. ಆದರೆ ಇದೇ ಪ್ರಶ್ನೆಯ ಸುತ್ತ ನಮ್ಮ ನಾಡಿನ ಧರ್ಮಗಳೂ, ವೈದ್ಯರೂ, ದೂರದ ದೇಶಗಳ ಶಾಸ್ತ್ರಜ್ಞರೂ ಬಹುಕಾಲ ತಲೆ ಕೆಡಿಸಿಕೊಂಡಿರುವರು.

ಪ್ರಾಣಿಶಾಸ್ತ್ರಜ್ಞರು ಈ ಜೀವಿಗಳ ವರ್ಗವನ್ನು ಕೋಪಿಪೋಡ ಎಂದು ಕರೆಯುವರು. ಗ್ರೀಕ್ ಭಾಷೆಯಲ್ಲಿ ‘ಕೋಪೆ’ ಎಂದರೆ ದೋಣಿಯ ಹುಟ್ಟು. ‘ಪೋಡ್’ ಎಂದರೆ ಪಾದ. ಹುಟ್ಟಿನಂತಹ ಕಾಲುಳ್ಳುದು ಎಂದು ಅರ್ಥ. ಏಡಿ ಸಿಗಡಿಗಳ ದೂರದ ಬಂಧುಗಳಾದ ಇವುಗಳಲ್ಲಿ ಸುಮಾರು 13 ಸಾವಿರ ಜಾತಿಗಳು ಇದುವರೆಗೆ ತಿಳಿದುಬಂದಿವೆ. ನಮ್ಮ ಕೆರೆ ಬಾವಿಗಳಲ್ಲಿರುವುವು ಬಹುಮಟ್ಟಿಗೆ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರಿನಷ್ಟು ಉದ್ದವಿರುವುವು. ಹಣೆಯ ನಡುವೆ ಒಂದೇ ಒಂದು ಕಣ್ಣು. ಅದೂ ಬೆಳಕು ಕತ್ತಲೆಗಳನ್ನು ಅರಿಯಬಲ್ಲುದೇ ಹೊರತು ರೂಪವನ್ನು ಕಾಣಲಾರದು. ಗ್ರೀಕರ ಪುರಾಣದಲ್ಲಿ ಬರುವ ಒಕ್ಕಣ್ಣಿನ ರಾಕ್ಷಸನ ಹೆಸರನ್ನೇ ತೆಗೆದುಕೊಂಡು, ಮ್ಯುಲರ್ ಎಂಬ ಡೆನ್ಮಾರ್ಕಿನ ವಿದ್ವಾಂಸನು 1785ರಲ್ಲಿ ಈ ವರ್ಗದ ಒಂದು ಕುಲಕ್ಕೆ ಸೈಕ್ಲಾಪ್ಸ್ ಎಂದು ನಾಮಕರಣ ಮಾಡಿದನು. ಹೆಣ್ಣು ಸೈಕ್ಲಾಪ್ಸ್ ತನ್ನ ಮೊಟ್ಟೆಗಳನ್ನು ಎರಡು ಚೀಲಗಳಲ್ಲಿ ತುಂಬಿ, ಹೆಗಲಿಗೆ ಜೋಳಿಗೆ ಹಾಕಿಕೊಂಡವಳಂತೆ ಹಿಂಬದಿಯ ಎರಡು ಪಕ್ಕಗಳಲ್ಲಿಯೂ ಹೊತ್ತು ತಿರುಗುವುದು. ಮರಿಯು ಮೊಟ್ಟೆಯಿಂದ ಹೊರಬಂದಮೇಲೆ ಹಾವು ಪೊರೆ ಬಿಡುವಂತೆ ಹನ್ನೊಂದು ಸಲ ಕವಚವನ್ನು ಕಳಚಿ ಪ್ರಾಯಕ್ಕೆ ಬರುವುದು. ಶತ್ರು ಸಮೀಪಿಸಿದಾಗ ನೀರಿನ ಅಲುಗಾಟದಿಂದಲೇ ಅದನ್ನರಿತು, ಒಂದು ಸೆಕೆಂಡಿಗೆ ತನ್ನ ಮೈಯುದ್ದದ ನೂರಾರು ಪಟ್ಟು ದೂರ ಸಾಗುವ ವೇಗದಲ್ಲಿ ಇದು ಜಿಗಿಯಬಲ್ಲುದು. ಅಷ್ಟು ವೇಗದಲ್ಲಿ ಓಡಬಲ್ಲ ಕುದುರೆ ಎಲ್ಲಿಯೂ ಇಲ್ಲ.

ಇದಕ್ಕಿಂತಲೂ ವಿಸ್ಮಯಕರವಾದುದು ಇವುಗಳ ತಾಳ್ಮೆ. ಬಯಲುಸೀಮೆಯ ಕೆರೆಗಳು ಬೇಸಗೆಯಲ್ಲಿ ಬತ್ತುವುದು ಸಹಜ. ನೀರಿಲ್ಲದೆ ಅರೆಗಳಿಗೆ ಬದುಕಲಾರದ ಈ ಜೀವಿಗಳು ಆಗ ನಿರ್ವಂಶವಾಗಬೇಕಾಗಿದ್ದಿತು. ಹಾಗಾಗುವುದಿಲ್ಲ. ಕೆಲವು ಜಾತಿಗಳು ಗಟ್ಟಿ ಹೊದಿಕೆಯ ಮೊಟ್ಟೆಗಳನ್ನಿಟ್ಟು ಸಾಯುವುವು. ಆ ಮೊಟ್ಟೆಗಳು ಬಿರಿದ ಕೆಸರಿನೊಳಗೆ ಮಳೆಗಾಗಿ ಕಾದಿರುವುವು. ಇನ್ನು ಕೆಲವು ಜಾತಿಗಳಲ್ಲಿ ಮರಿಗಳೇ ಕೆಸರಿನಲ್ಲಿ ಹುದುಗಿ ನಿದ್ರಿಸುವುವು. ಅಮೆರಿಕದ ಒಂದು ಸರೋವರದ ತಳದ ಕೆಸರಿನಿಂದ ತೆಗೆದ ಇಂತಹ ಮೊಟ್ಟೆಗಳು, ಇಟ್ಟು ಮುನ್ನೂರು ವರ್ಷಗಳಾದಮೇಲೆಯೂ ಮರಿಯಾದುವೆಂಬುದನ್ನು 1995ರಲ್ಲಿ ವಿದ್ವಾಂಸರು ಪ್ರಕಟಿಸಿದರು.

ಇವುಗಳಿಂದ ಆಗುವ ಕಾರ್ಯವೇನು? ನೀರಿನಲ್ಲಿ ಸೂರ್ಯನ ಬೆಳಕನ್ನುಂಡು ಬೆಳೆಯುವ ಸೂಕ್ಷ್ಮವಾದ ಪಾಚಿಯನ್ನು ಮೀನಿನ ಮರಿಯು ನೇರವಾಗಿ ತಿಂದು ಬದುಕುವುದು ಕಷ್ಟ. ಪಾಚಿಯನ್ನು ಕೋಪಿಪೋಡ ತಿನ್ನುವುದು. ಕೋಪಿಪೋಡವನ್ನು ಮೀನಿನ ಮರಿ ತಿನ್ನುವುದು. ಮೀನನ್ನು ಕೊಕ್ಕರೆಯೂ ಮನುಷ್ಯನೂ ತಿನ್ನುವರು. ಹೀಗೆ ಬೆಳಕಿನ ಅನ್ನವನ್ನು ಮಾಂಸವುಳ್ಳ ಪ್ರಾಣಿಗಳಿಗೆ ಬಡಿಸುವ ಕೈ ಇದು. ಸೈಕ್ಲಾಪ್ಸ್ ಜಾತಿಯವು ಆಗತಾನೆ ಹುಟ್ಟಿದ ಸೊಳ್ಳೆಯ ಮರಿಗಳನ್ನೂ ಹಿಡಿದು ತಿನ್ನುವುವು. 1990ರ ದಶಕದಲ್ಲಿ ವಿಯೆಟ್ನಾಮ್ ದೇಶದ ಹಳ್ಳಿಗಳವರು ನೀರು ತುಂಬಿಡುವ ತೊಟ್ಟಿಗಳಲ್ಲಿ ಇವುಗಳನ್ನೇ ತಂದು ಬಿಟ್ಟು, ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯನ್ನು ಅನೇಕ ಹಳ್ಳಿಗಳಲ್ಲಿ ಇಲ್ಲವಾಗಿಸಿದರು. ಕಡಲಿನಲ್ಲಿಯಂತೂ ಇವುಗಳ ಸಂಖ್ಯೆ ಎಣಿಕೆಗೆ ಮೀರಿದುದು. ಮಳೆಗಾಲದಲ್ಲಿ ಪಶ್ಚಿಮ ಸಮುದ್ರದ ಆಳದ ತಣ್ಣೀರು ಮೇಲೆದ್ದು ಬಂದಾಗ ಪಾಚಿ ಹೆಚ್ಚಿ, ಅದರೊಡನೆ ಕೋಪಿಪೋಡಗಳೂ ಹೆಚ್ಚುವುವು. ಮಲ್ಪೆ, ಕಾರವಾರಗಳ ದೋಣಿಗಳಿಗೆ ಸಿಕ್ಕುವ ಬಂಗುಡೆಯ ಮೈ ತುಂಬುವುದು ಬಹುಮಟ್ಟಿಗೆ ಈ ಅನ್ನದಿಂದಲೇ. ರಾತ್ರಿ ಮೇಲೆ ಬಂದು ಉಂಡು, ಹಗಲು ಆಳಕ್ಕಿಳಿಯುವ ಇವು, ತಮ್ಮ ಮಲದ ಮೂಲಕ ಗಾಳಿಯ ಅಂಗಾರವನ್ನು ಕಡಲಿನ ತಳಕ್ಕೆ ಒಯ್ದು ಇಳಿಸುವ ಕೆಲಸವನ್ನೂ ಮಾಡುವುವು. ಭೂಮಿಯ ಶಾಖ ಸಮತೂಕದಲ್ಲಿರುವುದಕ್ಕೆ ಈ ಸಣ್ಣ ಸೇವೆಯೂ ಒಂದು ಕಾರಣವಾಗಿದೆ.

ಇಷ್ಟೇ ಆಗಿದ್ದರೆ ಧರ್ಮದ ಪ್ರಶ್ನೆ ಸುಲಭವಾಗುತ್ತಿದ್ದಿತು. ಉಪಕಾರಿಯನ್ನು ಉಳಿಸಬೇಕೆಂದು ಹೇಳಿ ಮುಗಿಸಬಹುದಾಗಿದ್ದಿತು. ಆದರೆ ಈ ಜೀವಿಯ ಮೇಲೆ ಒಂದು ಘೋರವಾದ ಆರೋಪವೂ ಉಂಟು. ಕರ್ನಾಟಕದ ಉತ್ತರಭಾಗದ ಒಣನಾಡಿನ ಮನೆಗಳಲ್ಲಿ ನಾರುಹುಣ್ಣಿನ ಹೆಸರನ್ನು ಕೇಳದ ಹಿರಿಯರು ವಿರಳ. ಆ ಹುಣ್ಣಿಗೆ ಕಾರಣವಾದ ಹುಳುವಿನ ಮರಿಯನ್ನು ಸೈಕ್ಲಾಪ್ಸ್ ನುಂಗುವುದು. ಎರಡು ವಾರಗಳಲ್ಲಿ ಆ ಮರಿ ಅದರ ಹೊಟ್ಟೆಯೊಳಗೆ ಬಲಿಯುವುದು. ಅಂತಹ ಸೈಕ್ಲಾಪ್ಸ್ ಇರುವ ನೀರನ್ನು ಕುಡಿದವನ ದೇಹವನ್ನು ಹುಳು ಸೇರುವುದು. ಸುಮಾರು ಒಂದು ವರ್ಷವಾದಮೇಲೆ, ಎರಡರಿಂದ ಮೂರು ಅಡಿ ಉದ್ದದ ದಾರದಂತಹ ಹೆಣ್ಣುಹುಳು ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಗೆ ತಲೆಹಾಕುವುದು. ಇದಕ್ಕೆ ಔಷಧವಿಲ್ಲ. ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಕೊಂಚ ಕೊಂಚವಾಗಿ ವಾರಗಟ್ಟಲೆ ಎಳೆದು ತೆಗೆಯಬೇಕು; ತುಂಡಾದರೆ ಹುಣ್ಣು ಕೀವಾಗಿ ಮನುಷ್ಯನು ಹಾಸಿಗೆ ಹಿಡಿಯುವನು. ಹುಳುವಿಗೂ ಸೈಕ್ಲಾಪ್ಸಿಗೂ ಇರುವ ಈ ಸಂಬಂಧವನ್ನು ಫೆಡ್ಚೆಂಕೊ ಎಂಬ ರಷ್ಯದ ವಿದ್ವಾಂಸನು 1870ರ ಸುಮಾರಿನಲ್ಲಿ ತುರ್ಕಿಸ್ತಾನದಲ್ಲಿ ಕಂಡುಹಿಡಿದನು.

ಈ ರೋಗದ ಚಕ್ರದಲ್ಲಿ ಮನಸ್ಸನ್ನು ಕಲಕುವ ಒಂದು ಅಂಶವುಂಟು. ಹುಳು ಹೊರಬರುವಾಗ ಕಾಲು ಬೆಂಕಿಯಂತೆ ಉರಿಯುವುದು. ಉರಿಯನ್ನು ತಾಳಲಾರದ ರೋಗಿ ಮೆಟ್ಟಿಲುಬಾವಿಗಿಳಿದು ತಣ್ಣೀರಿನಲ್ಲಿ ಕಾಲಿಡುವನು. ನೀರು ತಗುಲಿದೊಡನೆ ಹುಳು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುವುದು. ಅವನ್ನು ಸೈಕ್ಲಾಪ್ಸ್ ನುಂಗುವುದು. ಅದೇ ನೀರನ್ನು ಅವನ ಮಕ್ಕಳೇ ಕುಡಿಯುವರು. ಹೀಗಿರಲು ಅಪರಾಧಿ ಯಾರು? ಸೈಕ್ಲಾಪ್ಸ್ ತನಗೆ ಸಿಕ್ಕಿದ ಆಹಾರವನ್ನು ತಿಂದಿತು. ಹುಳುವಿನ ಮರಿಯನ್ನು ನುಂಗಿದುದರಿಂದ ಅದಕ್ಕೂ ಹಾನಿಯೇ. ರೋಗ ತಗುಲಿದ ಸೈಕ್ಲಾಪ್ಸ್ ಸೊರಗಿ ತಳಕ್ಕೆ ಇಳಿಯುವುದು. ರೋಗಿ ನೋವಿಗೆ ತಂಪನ್ನರಸಿದನು. ತಾಯಿ ಮಕ್ಕಳ ಬಾಯಾರಿಕೆಗೆ ನೀರು ಕೊಟ್ಟಳು. ಒಬ್ಬರಲ್ಲಿಯೂ ಕೇಡಿನ ಸಂಕಲ್ಪವಿಲ್ಲ. ಆದರೂ ಕೇಡು ಪೂರ್ಣವಾಗಿ ನಡೆದುಹೋಯಿತು. ಪಾಪವೆಂಬುದು ಸಂಕಲ್ಪದಲ್ಲಿ ಮಾತ್ರ ಇದೆಯೆಂದು ಹೇಳುವವರು ಈ ಬಾವಿಯ ಮೆಟ್ಟಿಲಿನ ಮೇಲೆ ಒಂದು ಗಳಿಗೆ ನಿಂತು ಯೋಚಿಸಬೇಕು. ಅರಿಯದೆ ಮಾಡಿದುದು ಅಪರಾಧವಲ್ಲವೆಂಬುದು ನಿಜ; ಆದರೆ ಅರಿತಮೇಲೆ ಸುಮ್ಮನಿರುವುದು ಅಪರಾಧವೇ.

ಅರಿತಮೇಲೆ ಮಾಡಿದುದೇನು? ಬಹುಮಟ್ಟಿಗೆ ಒಂದು ತುಂಡು ಬಟ್ಟೆಯ ಕೆಲಸ. ಸೈಕ್ಲಾಪ್ಸ್ ನೀರಿನೊಡನೆ ಹೋಗುವಷ್ಟು ಸಣ್ಣದಾದರೂ ಒತ್ತಾಗಿ ನೆಯ್ದ ಬಟ್ಟೆಯ ಎಳೆಗಳ ಸಂದಿನಲ್ಲಿ ತೂರುವಷ್ಟು ಸಣ್ಣದಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆ ರೋಗವಿಲ್ಲ. ಈ ಉಪದೇಶ ನಮ್ಮ ನಾಡಿಗೆ ಹೊಸದೆ? ಬಟ್ಟೆಯಿಂದ ಶೋಧಿಸಿದ ನೀರನ್ನೇ ಯತಿಯು ಕುಡಿಯಬೇಕೆಂಬ ವಿಧಿ ಮನುಸ್ಮೃತಿಯಲ್ಲಿದೆ. ಬೌದ್ಧಭಿಕ್ಷುವು ತನ್ನದೆಂದು ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ಜೈನ ಮನೆತನಗಳಲ್ಲಂತೂ ನೀರನ್ನು ಗಾಳಿಸಿ ಬಳಸುವುದು ನಿತ್ಯವ್ರತ. ಗಾಳಿಸಿದಮೇಲೆ ಬಟ್ಟೆಯಲ್ಲಿ ನಿಂತ ಜೀವಿಗಳನ್ನು ಚೆಲ್ಲಿಬಿಡದೆ, ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಯಾವ ಬಾವಿಯ ನೀರೋ ಆ ಬಾವಿಗೇ ಮರಳಿಸಬೇಕೆಂಬುದು ಅವರ ನಿಯಮ. ಸೂಕ್ಷ್ಮದರ್ಶಕ ಯಂತ್ರ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ, ಕಾಣದ ಜೀವಕ್ಕೂ ಸ್ಥಾನವುಂಟೆಂದು ಬಗೆದ ಮನಸ್ಸು ಅದು.

ವೈದ್ಯನೂ ಬಟ್ಟೆ ಹಿಡಿದನು, ವ್ರತಿಯೂ ಬಟ್ಟೆ ಹಿಡಿದನು. ಒಬ್ಬನು ಜೀವಿಯಿಂದ ಮನುಷ್ಯನನ್ನು ಕಾಪಾಡುವುದಕ್ಕೆ; ಇನ್ನೊಬ್ಬನು ಮನುಷ್ಯನಿಂದ ಜೀವಿಯನ್ನು ಕಾಪಾಡುವುದಕ್ಕೆ. ಉದ್ದೇಶಗಳು ಎದುರುಬದುರಾಗಿದ್ದರೂ ಕ್ರಿಯೆಯೊಂದೇ, ಫಲವೂ ಒಂದೇ. ಇಲ್ಲಿ ಒಬ್ಬ ತಾರ್ಕಿಕನು ಆಕ್ಷೇಪಿಸಬಹುದು: “ರೋಗದ ಬೀಜವನ್ನು ಹೊತ್ತ ಸೈಕ್ಲಾಪ್ಸನ್ನು ಬಾವಿಗೇ ಮರಳಿಸಿದರೆ ದಯೆಯೇ ರೋಗಕ್ಕೆ ಆಶ್ರಯವಾಗಲಿಲ್ಲವೆ?” ವಿಚಾರಮಾಡಿದರೆ ಹಾಗಿಲ್ಲವೆಂದು ತಿಳಿಯುವುದು. ಸೈಕ್ಲಾಪ್ಸಿನ ಹೊಟ್ಟೆಯಲ್ಲಿರುವ ಹುಳುವಿನ ಮರಿ ಕುಡಿಯುವವನ ದೇಹವನ್ನು ಸೇರದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಊರಿನವರೆಲ್ಲರೂ ಸೋಸಿ ಕುಡಿದರೆ, ರೋಗಿಯು ಕಾಲನ್ನು ನೀರಿಗಿಡದಿದ್ದರೆ, ಒಂದೆರಡು ವರ್ಷಗಳಲ್ಲಿ ರೋಗ ನಿಲ್ಲುವುದು; ಸೈಕ್ಲಾಪ್ಸ್ ಉಳಿಯುವುದು. ಒಬ್ಬನು ಸೋಸಿ ಹತ್ತು ಮಂದಿ ಸೋಸದಿದ್ದರೆ ಮಾತ್ರ ದಯೆ ಅಪಾಯವಾಗುವುದು. ಆದುದರಿಂದ ದೋಷ ದಯೆಯಲ್ಲಿಲ್ಲ. ಅದು ಒಬ್ಬನ ವ್ರತವಾಗಿಯೇ ನಿಂತು ಊರಿನ ನಡತೆಯಾಗದೆ ಹೋದುದರಲ್ಲಿದೆ.

ಭಾರತದಲ್ಲಿ ಈ ರೋಗದ ನಿರ್ಮೂಲನ ಕಾರ್ಯವು 1983-84ರಲ್ಲಿ ಆರಂಭವಾಯಿತು. ಆಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಮಂದಿ ಇದರಿಂದ ನರಳುತ್ತಿದ್ದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೈಪಂಪುಗಳನ್ನು ಹಾಕಿದರು, ಮನೆಮನೆಗೆ ಸೋಸುವ ಬಟ್ಟೆಯನ್ನು ಹಂಚಿದರು. 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಡೆಯ ರೋಗಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷವಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ ಇಳಿಯಿತು.

ಸತ್ಯವನ್ನು ಮರೆಮಾಡಬಾರದು. ಬಟ್ಟೆಯಿಂದಲೇ ಎಲ್ಲವೂ ಆಗಲಿಲ್ಲ. ಟೆಮೆಫಾಸ್ ಎಂಬ ಮದ್ದನ್ನು, ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲಿನಂತೆ, ಬಾವಿಗಳಿಗೆ ಹಾಕಿ ಸೈಕ್ಲಾಪ್ಸನ್ನು ಕೊಂದುದೂ ಉಂಟು. ಇದು ಹಿಂಸೆಯಲ್ಲವೆಂದು ಹೇಳಿದರೆ ಸುಳ್ಳಾಗುವುದು. ಆದರೆ ಆ ಹಿಂಸೆಗೆ ನಾಲ್ಕು ಎಲ್ಲೆಗಳಿದ್ದುವು: ನರಳುವ ಮನುಷ್ಯನು ಕಣ್ಣೆದುರಿಗಿದ್ದನು, ಕೊಲ್ಲುವ ಅವಶ್ಯಕತೆಯನ್ನು ವಿಚಾರಮಾಡಿದವರಿದ್ದರು, ಅಳತೆಯಿದ್ದಿತು, ಕೆಲಸ ಮುಗಿದೊಡನೆ ಕೊಲೆಯೂ ನಿಂತಿತು. ಇನ್ನು ಹುಳುವಿನ ಮಾತು. ಅದೂ ಒಂದು ಜೀವವೇ. ಅದರ ವಂಶವನ್ನೇ ಅಳಿಸುವುದು ನ್ಯಾಯವೆ ಎಂದು ಕೇಳುವವರಿದ್ದಾರೆ. ಪರರನ್ನು ನೋಯಿಸಬಾರದೆಂಬ ಧರ್ಮವು, ತನ್ನ ಕಾಲನ್ನೇ ಪರರಿಗೆ ಮನೆಯಾಗಿ ಬಿಟ್ಟುಕೊಡಬೇಕೆಂದು ವಿಧಿಸುವುದಿಲ್ಲ. ಒಬ್ಬನು ತಾನಾಗಿ ಹಾಗೆ ಮಾಡಿದರೆ ಅವನನ್ನು ಮಹಾತ್ಮನೆನ್ನಬಹುದು. ಆದರೆ ಅದೇ ತ್ಯಾಗವನ್ನು ಬಡವರ ಮಕ್ಕಳ ಮೇಲೆ ಹೊರಿಸುವುದು ಮಹಾತ್ಮತನವಲ್ಲ.

ಕಣ್ಣಿಗೆ ಕಂಡುದಕ್ಕೆ ಮಾತ್ರ ಧರ್ಮವೆ, ಕಾಣದುದಕ್ಕೂ ಉಂಟೆ ಎಂಬ ಚರ್ಚೆ ಬೇರೆ ದೇಶಗಳಲ್ಲಿಯೂ ನಡೆದಿದೆ. ನ್ಯೂಯಾರ್ಕ್ ನಗರಕ್ಕೆ ಬೆಟ್ಟಗಳ ಕಡೆಯಿಂದ ಬರುವ ನೀರನ್ನು ಬಹುಮಟ್ಟಿಗೆ ಸೋಸದೆಯೇ ಹಂಚುತ್ತಾರೆ. ಅದರಲ್ಲಿ ಕೋಪಿಪೋಡಗಳಿರುವುದು 2004ರಲ್ಲಿ ಅಲ್ಲಿಯ ಸಂಪ್ರದಾಯಸ್ಥ ಯೆಹೂದ್ಯರ ಗಮನಕ್ಕೆ ಬಂದಿತು. ರೆಕ್ಕೆಯಂತಹ ಈಜುಗರಿಯೂ ಪೊರೆಗಳೂ ಇಲ್ಲದ ಜಲಚರವನ್ನು ತಿನ್ನಬಾರದೆಂಬುದು ಅವರ ಶಾಸ್ತ್ರ. ಬರಿಗಣ್ಣಿಗೆ ಕಾಣದುದಕ್ಕೆ ನಿಷೇಧವಿಲ್ಲವೆಂದು ಕೆಲವು ಪಂಡಿತರು ಹೇಳಿದರು. ಚುಕ್ಕೆಯಂತಾದರೂ ಕಾಣುವುದರಿಂದ ನಿಷೇಧವುಂಟೆಂದು ಮತ್ತೆ ಕೆಲವರು ಹೇಳಿದರು. ಅನೇಕ ಮನೆಗಳವರು ನಲ್ಲಿಗೆ ಸೋಸುವ ಯಂತ್ರವನ್ನು ಹಾಕಿಸಿಕೊಂಡರು. ಅಲ್ಲಿಯದು ಆಹಾರಶುದ್ಧಿಯ ಪ್ರಶ್ನೆ, ಇಲ್ಲಿಯದು ಅಹಿಂಸೆಯ ಪ್ರಶ್ನೆ. ಆದರೂ ಮನುಷ್ಯನು ತನ್ನ ಲೋಟದೊಳಗಿನ ನೀರಿಗೂ ಜವಾಬುದಾರನೆಂಬ ಭಾವನೆ ಎರಡೂ ಕಡೆಗಳಲ್ಲಿ ಒಂದೇ.

ಈಗ ಮತ್ತೆ ಬೆಂಗಳೂರಿನ ಕೆರೆಗಳನ್ನು ನೋಡಬೇಕು. ದಂಡುಪ್ರದೇಶದವರು ಒಂದು ಕಾಲದಲ್ಲಿ ಹಲಸೂರಿನ ಕೆರೆಯ ನೀರನ್ನು ನಂಬಿದ್ದರು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿ. ನೀರು ದೂರದಿಂದ ಬಂದಂತೆಲ್ಲ ಹತ್ತಿರದ ಕೆರೆ ಯಾರಿಗೂ ಬೇಡವಾಯಿತು. ಕುಡಿಯುವ ನೀರಲ್ಲವೆಂದಮೇಲೆ ಅದರಲ್ಲಿ ಏನು ಬಿದ್ದರೆ ಏನು ಎಂಬ ಉದಾಸೀನ ಬೆಳೆಯಿತು. ಕೊಳಚೆ ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯುವೆಲ್ಲ ಮುಗಿದುಹೋಗುವುದು. ಸಾಬೂನು ಪುಡಿಗಳ ರಂಜಕದಿಂದ ಪಾಚಿಯೂ ಕಳೆಯೂ ಮಿತಿಮೀರುವುವು. ಇಂತಹ ನೀರಿನಲ್ಲಿ ಕೋಪಿಪೋಡದ ನಾಜೂಕು ಜಾತಿಗಳು ಮೊದಲು ಮರೆಯಾಗುವುವು. ಕೊಳಕನ್ನು ಸಹಿಸುವ ಕೆಲವೇ ಜಾತಿಗಳು ಉಳಿಯುವುವು. ಸೊಳ್ಳೆಯಾದರೋ ಕೊಳಚೆಯಲ್ಲಿಯೇ ಕೊಬ್ಬುವುದು. 2016ರ ಮಾರ್ಚಿಯಲ್ಲಿ ಹಲಸೂರಿನ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. 2015ರಲ್ಲಿಯೂ 2017ರಲ್ಲಿಯೂ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಮೀನಿನ ಸಾವನ್ನು ಎಲ್ಲರೂ ಕಂಡರು, ಏಕೆಂದರೆ ಅದು ತೇಲಿತು, ನಾರಿತು. ಅದಕ್ಕೆ ಮೊದಲೇ ನಡೆದ ಸಣ್ಣ ಜೀವಿಗಳ ಸಾವನ್ನು ಯಾರೂ ಕಾಣಲಿಲ್ಲ.

ಮೆಟ್ಟಿಲುಬಾವಿಯ ಹಿಂಸೆಗೂ ಈ ಹಿಂಸೆಗೂ ಇರುವ ಅಂತರವನ್ನು ಗಮನಿಸಬೇಕು. ಅಲ್ಲಿ ಕೊಂದವರು ತಾವು ಕೊಲ್ಲುತ್ತಿರುವೆವೆಂದು ಬಲ್ಲರು. ಇಲ್ಲಿ ಕೊಲ್ಲಬೇಕೆಂದು ಯಾರೂ ನಿಶ್ಚಯಿಸಲಿಲ್ಲ, ಅವಶ್ಯಕತೆಯಿರಲಿಲ್ಲ, ಅಳತೆಯಿಲ್ಲ, ಕೊನೆಯೂ ಇಲ್ಲ. ಬಚ್ಚಲಿನ ನೀರು ಎಲ್ಲಿಗೆ ಹೋಗುವುದೆಂದು ಒಬ್ಬೊಬ್ಬರೂ ಕೇಳದೆ ಇದ್ದುದೇ ಸಾಕಾಯಿತು. ಬಾವಿಗೆ ಕಾಲಿಟ್ಟ ರೋಗಿಯಂತೆಯೇ ಇವರಲ್ಲಿಯೂ ಕೇಡಿನ ಸಂಕಲ್ಪವಿಲ್ಲ. ಆದರೆ ಅವನಿಗೆ ತಿಳಿದಿರಲಿಲ್ಲ. ಇವರಿಗೆ ತಿಳಿಯದೆಂದು ಹೇಳುವ ಕಾಲ ಕಳೆದುಹೋಗಿದೆ.

ಹಾಗಾದರೆ ಈ ಜೀವಿಗೆ ಸಲ್ಲಬೇಕಾದುದು ಯಾವ ನ್ಯಾಯದಿಂದ? ಉಪಕಾರಿಯಾದುದರಿಂದ ಎಂದರೆ, ಉಪಕಾರ ನಿಂತ ದಿನ ಅದರ ಹಕ್ಕೂ ನಿಲ್ಲುವುದು. ನಾರುಹುಣ್ಣಿನ ಹಳ್ಳಿಯಲ್ಲಿ ಅದು ಎಂದೋ ನಿಂತಿತ್ತು. ನೋವನ್ನರಿಯುವುದರಿಂದ ಎಂದರೆ, 2022ರಲ್ಲಿ ಬ್ರಿಟನ್ನಿನ ಕಾನೂನು ಏಡಿ ಸಿಗಡಿಗಳನ್ನು ನೋವರಿಯುವ ಪ್ರಾಣಿಗಳ ಪಟ್ಟಿಗೆ ಸೇರಿಸಿತೇ ಹೊರತು ಅವುಗಳ ಈ ಪುಟ್ಟ ಬಂಧುವನ್ನು ಸೇರಿಸಲಿಲ್ಲ. ಪ್ರಾಣಮಾತ್ರದಿಂದಲೇ ಎಂದರೆ, ಒಂದೊಂದು ಜೀವಿಯನ್ನೂ ಉಳಿಸುವುದು ಯಾವ ವ್ರತಿಗೂ ಸಾಧ್ಯವಿಲ್ಲ. ನಡೆದರೆ, ಉಸಿರಾಡಿದರೆ, ಅನ್ನ ಬೇಯಿಸಿದರೆ ಹಿಂಸೆ ತಪ್ಪದು. ಮೂರು ಉತ್ತರಗಳಲ್ಲಿಯೂ ಸತ್ಯದ ಅಂಶವುಂಟು, ಒಂದೂ ಪೂರ್ಣವಲ್ಲ.

ಬಾವಿಗೆ ಮರಳಿಸುವ ಹಳೆಯ ಆಚಾರದಲ್ಲಿ ನಾಲ್ಕನೆಯ ಉತ್ತರವೊಂದು ಅಡಗಿರುವಂತಿದೆ. ವ್ರತಿಯು ಆ ಜೀವಿಗಳನ್ನು ಮನೆಗೊಯ್ದು ಸಾಕಲಿಲ್ಲ, ಪೂಜಿಸಲೂ ಇಲ್ಲ. ಎಲ್ಲಿಯವೋ ಅಲ್ಲಿಗೆ ಬಿಟ್ಟನು. ಯಾವ ಬಾವಿಯದೋ ಆ ಬಾವಿಗೇ. ಅಂದರೆ ಜೀವಕ್ಕೆ ಮನುಷ್ಯನು ಸಲ್ಲಿಸಬೇಕಾದುದು ಮುಖ್ಯವಾಗಿ ಅದರ ನೆಲೆ. ಒಂದು ಸೈಕ್ಲಾಪ್ಸಿನ ಆಯುಸ್ಸು ಬಹಳ ಚಿಕ್ಕದು. ಅದನ್ನು ಮೀನು ತಿನ್ನಬಹುದು, ಬರ ಕೊಲ್ಲಬಹುದು. ಅದರ ಲೆಕ್ಕವನ್ನು ಮನುಷ್ಯನು ಇಡಬೇಕಾಗಿಲ್ಲ. ಆದರೆ ಅವು ಹುಟ್ಟಿ ಸಾಯುತ್ತಿರುವ ನೀರನ್ನೇ ವಿಷವನ್ನಾಗಿ ಮಾಡಿದರೆ, ಅದು ಒಂದು ಜೀವದ ಹಿಂಸೆಯಲ್ಲ, ಜೀವಿಸುವ ಅವಕಾಶದ ಹಿಂಸೆ. ಅವಶ್ಯಕತೆಯಿಂದ ಕೊಂದವನು ಅಷ್ಟರಮಟ್ಟಿಗೆ ಸಾಲಗಾರ. ನೆಲೆಯನ್ನೇ ಕೆಡಿಸಿದವನ ಸಾಲ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುವುದು. ಈ ಸಾಲವನ್ನು ಒಬ್ಬೊಬ್ಬ ಮನೆಯವನು ತನ್ನ ವ್ರತದಿಂದ ತೀರಿಸಲಾರನು. ಬಟ್ಟೆಯಲ್ಲಿ ನೀರು ಸೋಸುವುದು ಊರಿನ ನಡತೆಯಾದಾಗ ನಾರುಹುಣ್ಣು ಹೋದಂತೆ, ಕೊಳಚೆಯನ್ನು ಶುದ್ಧಿಮಾಡದೆ ಕೆರೆಗೆ ಬಿಡದಿರುವುದೂ ಊರಿನ ನಡತೆಯಾಗಬೇಕು.

ಕಗ್ಗದಾಸಪುರದಂತಹ ಕೆರೆಗಳ ವಿಷಯದಲ್ಲಿ ನಿರಾಶರಾಗಬೇಕಾದುದಿಲ್ಲ. ಕಳೆಯ ಹೊದಿಕೆಯನ್ನು ತೆಗೆದು, ಕೊಳಚೆಯನ್ನು ಬೇರೆ ಕಡೆಗೆ ತಿರುಗಿಸಿ, ಮಳೆಯ ನೀರಿಗೆ ದಾರಿ ಮಾಡಿಕೊಟ್ಟರೆ, ಉಳಿದ ಕೆಲಸಕ್ಕೆ ಕೂಲಿಯಾಳುಗಳು ತಳದ ಕೆಸರಿನಲ್ಲಿಯೇ ಇರಬಹುದು. ಆದುದರಿಂದ ಹೂಳೆತ್ತುವವರೂ ಒಂದು ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು: ಕೆರೆಯ ಕೆಸರನ್ನೆಲ್ಲ ಒಂದೇ ಸಲಕ್ಕೆ ಕೆರೆದು ಹೊರಗೆ ಸಾಗಿಸಿದರೆ, ಅದರೊಡನೆ ಮಲಗಿರುವ ಮೊಟ್ಟೆಗಳೂ ಹೋಗುವುವು, ಒಂದು ಮೂಲೆಯ ಹಳೆಯ ಕೆಸರನ್ನು ಹಾಗೆಯೇ ಬಿಟ್ಟರೆ ಕೆರೆಯ ಬೀಜ ಉಳಿಯುವುದು. ಅಷ್ಟನ್ನು ಮಾಡಿದಮೇಲೆ ಮನುಷ್ಯನು ಮಾಡಬೇಕಾದುದು, ಒಂದು ಮಳೆಗಾಲ ಕಾದಿದ್ದು, ಗಾಜಿನ ಲೋಟದಲ್ಲಿ ನೀರನ್ನು ತುಂಬಿ ಬೆಳಕಿಗೆ ಹಿಡಿದು ನೋಡುವುದು.